ಫೌಲರ್ ಎಂಬ ವ್ಯಾಕರಣದ ಮೇಷ್ಟ್ರು

ಇಂಗ್ಲಿಷ್ ಪ್ರಬಂಧ ಬರೆಯೋಕೆ ಕೂತಾಗ ಇಲ್ಲಿ 'ದಟ್' ಹಾಕಬೇಕೋ 'ವಿಚ್' ಹಾಕಬೇಕೋ ಅಂತ ಪೆನ್ನು ಕಚ್ಚದವರು ನಮ್ಮಲ್ಲಿ ಯಾರಿದ್ದಾರೆ? ಈ ಎರಡು ಪುಟ್ಟ ಪದಗಳಿಗೆ ಬೇರೆ ಬೇರೆ ಕೆಲಸ ಹಂಚಿಕೊಡಲು ಹೊರಟವರಲ್ಲಿ ದೊಡ್ಡ ಹೆಸರು ಹೆನ್ರಿ ವಾಟ್ಸನ್ ಫೌಲರ್ ಅವರದು.

ಫೌಲರ್ ಹುಟ್ಟಿದ್ದು 1858ರ ಮಾರ್ಚ್ 10ರಂದು, ಇಂಗ್ಲೆಂಡಿನ ಟನ್‌ಬ್ರಿಜ್‌ನಲ್ಲಿ. ಆಕ್ಸ್‌ಫರ್ಡಿನಲ್ಲಿ ಓದು ಮುಗಿಸಿ, 1882ರಿಂದ ಹದಿನೇಳು ವರ್ಷ ಸೆಡ್‌ಬರ್ಗ್ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ವಿದ್ಯಾರ್ಥಿನಿಲಯದ ಮುಖ್ಯಸ್ಥರಾಗುವ ಬಡ್ತಿ ತಾನಾಗಿ ಬಂತು. ಆದರೆ ಆ ಸ್ಥಾನದಲ್ಲಿದ್ದವರು ಹುಡುಗರನ್ನು ಚರ್ಚಿನ ದೀಕ್ಷೆಗೆ ಸಿದ್ಧಪಡಿಸಬೇಕಿತ್ತು. ತಾನು ನಂಬದ್ದನ್ನು ಮಕ್ಕಳಿಗೆ ಹೇಗೆ ಕಲಿಸಲಿ? ಬಡ್ತಿ ಬೇಡವೆಂದರು, 1899ರಲ್ಲಿ ಕೆಲಸವನ್ನೇ ಬಿಟ್ಟರು.

ಕೆಲಕಾಲ ಲಂಡನ್ನಿನಲ್ಲಿ ಪತ್ರಿಕೆಗಳಿಗೆ ಬರೆದು, 1903ರಲ್ಲಿ ಗರ್ನ್‌ಸಿ ದ್ವೀಪ ಸೇರಿದರು. ಅಲ್ಲಿ ತಮ್ಮ ಫ್ರಾನ್ಸಿಸ್ ಟೊಮೇಟೊ ಬೆಳೆಯುತ್ತಿದ್ದ. ಅಕ್ಕಪಕ್ಕದ ಮನೆಗಳಲ್ಲಿದ್ದ ಅಣ್ಣತಮ್ಮಂದಿರು ಸೇರಿ 1906ರಲ್ಲಿ 'ದ ಕಿಂಗ್ಸ್ ಇಂಗ್ಲಿಷ್', 1911ರಲ್ಲಿ 'ಕನ್ಸೈಸ್ ಆಕ್ಸ್‌ಫರ್ಡ್' ನಿಘಂಟು ತಂದರು. ನಡುವೆ 1908ರಲ್ಲಿ, ತಮ್ಮ ಐವತ್ತನೆಯ ಹುಟ್ಟುಹಬ್ಬದ ದಿನ ಹೆನ್ರಿ ಮದುವೆಯಾದರು!

'ದಟ್'-'ವಿಚ್' ಮಾತು ಆ 1906ರ ಪುಸ್ತಕದಲ್ಲೇ ಇದೆ. 'ಕಪಾಟಿನಲ್ಲಿರುವ ಪುಸ್ತಕಗಳನ್ನು ಮಾರಿಬಿಡು' ಅಂತ ಕನ್ನಡದಲ್ಲಿ ಹೇಳಿದರೆ ಮೇಜಿನ ಮೇಲಿರೋ ಪುಸ್ತಕಗಳ ಗತಿ ಏನು? ಅವು ಉಳಿದಾವು, ಅಥವಾ ಇರೋ ಪುಸ್ತಕಗಳೆಲ್ಲಾ ಕಪಾಟಿನಲ್ಲೇ ಇದ್ದಾವು. ನಮ್ಮ 'ಇರುವ' ಎರಡಕ್ಕೂ ಸೈ. ಸಂದರ್ಭ ನೋಡಿ ತಿಳಿಯಬೇಕು. ಇಂಗ್ಲಿಷಿನಲ್ಲಿ ಹಾಗಲ್ಲ. 'ದ ಬುಕ್ಸ್ ದಟ್ ಆರ್ ಇನ್ ದ ಕಬರ್ಡ್' ಅಂದ್ರೆ ಕಪಾಟಿನವು ಮಾತ್ರ. ಯಾವ ಪುಸ್ತಕ ಅನ್ನೋದನ್ನು ಗುರುತಿಸಿಕೊಡುವ ಈ ತುಣುಕೇ ಡಿಫೈನಿಂಗ್ ಕ್ಲಾಸ್. ಅದನ್ನು ಕಿತ್ತರೆ ಅರ್ಥವೇ ಕೆಡುತ್ತೆ. 'ದ ಬುಕ್ಸ್' ಆದಮೇಲೆ ಅಲ್ಪವಿರಾಮ ಹಾಕಿ 'ವಿಚ್ ಆರ್ ಇನ್ ದ ಕಬರ್ಡ್' ಅಂದ್ರೆ ಎಲ್ಲಾ ಪುಸ್ತಕಗಳೂ ಮಾರಾಟಕ್ಕೆ. ಕಪಾಟಿನ ಮಾತು ಬರೀ ಹೆಚ್ಚಿನ ಸುದ್ದಿ. ಗುರುತಿಸೋಕೆ 'ದಟ್', ಸುದ್ದಿ ಸೇರಿಸೋಕೆ 'ವಿಚ್' ಇಟ್ಟುಕೊಂಡರೆ ಗೊಂದಲವಿರದು ಅನ್ನೋದು ಫೌಲರ್ ಸಲಹೆ.

1914ರಲ್ಲಿ ಯುದ್ಧ ಬಂತು. ಸೈನ್ಯ ಸೇರಿರೆಂದು ಯುವಕರಿಗೆ ಹೇಳುತ್ತಿದ್ದ ಹೆನ್ರಿಗೆ, ಪರರನ್ನು ಸಾವಿನ ಬಾಯಿಗೆ ಕಳಿಸಿ ತಾನು ಮನೆಯಲ್ಲಿ ಕೂರೋದು ಸರಿಕಾಣಲಿಲ್ಲ. ಐವತ್ತೇಳರ ವಯಸ್ಸನ್ನು ನಲವತ್ತನಾಲ್ಕು ಅಂತ ಸುಳ್ಳು ಹೇಳಿ 1915ರಲ್ಲಿ ತಮ್ಮನೊಡನೆ ಸೈನ್ಯ ಸೇರಿದರು. ಫ್ರಾನ್ಸಿನಲ್ಲಿ ಸಿಕ್ಕಿದ್ದು ಬಹುಪಾಲು ಪಾತ್ರೆ ತೊಳೆಯುವಂಥ ಕೆಲಸ. ಕಾದಾಡೋಕೆ ಬಂದವರಿಗೆ ಇದೇನು ಅಂತ ಇಬ್ಬರೂ ಪ್ರತಿಭಟಿಸಿದರು. ಅಣ್ಣ ಊರಿಗೆ ಮರಳಿದರು. ತಮ್ಮ ಸೈನ್ಯದಲ್ಲಿದ್ದಾಗ ತಗುಲಿದ ಕ್ಷಯದಿಂದ 1918ರಲ್ಲಿ ತೀರಿಕೊಂಡ.

ಇಬ್ಬರೂ ಸೇರಿ ಬರೆಯಬೇಕೆಂದಿದ್ದ ಪುಸ್ತಕವನ್ನು ಹೆನ್ರಿ ಒಬ್ಬರೇ ಮುಗಿಸಿದರು. ಅದೇ 1926ರ 'ಮಾಡರ್ನ್ ಇಂಗ್ಲಿಷ್ ಯೂಸೇಜ್'. ಅರ್ಪಣೆ ತಮ್ಮನ ನೆನಪಿಗೆ. 'ದಟ್'-'ವಿಚ್' ಸಲಹೆ ಅದರಲ್ಲೂ ಇದೆ. ಆದರೆ ಹೆಚ್ಚಿನ ಲೇಖಕರು, ಒಳ್ಳೆಯ ಲೇಖಕರು ಸಹ, ಇದನ್ನು ಪಾಲಿಸುತ್ತಿಲ್ಲವೆಂದು ಅವರೇ ಒಪ್ಪಿಕೊಂಡರು. ಅದನ್ನು ಕಟ್ಟುನಿಟ್ಟಿನ ನಿಯಮ ಮಾಡಿದವರು ಮುಂದಿನ ಸಂಪಾದಕರು, ಅದರಲ್ಲೂ ಅಮೆರಿಕದವರು. ಬ್ರಿಟನ್ನಿನಲ್ಲಿ ಗುರುತಿಸುವ ಕಡೆಯೂ 'ವಿಚ್' ಧಾರಾಳವಾಗಿ ನಡೆಯುತ್ತೆ. ಎರಡು ಕಡೆಯೂ ಬಿಡಬಾರದ್ದು ಅಲ್ಪವಿರಾಮದ ಎಚ್ಚರ.

ಫೌಲರ್ 1933ರ ಡಿಸೆಂಬರ್ 26ರಂದು ಸಾಮರ್‌ಸೆಟ್ಟಿನ ಹಳ್ಳಿಯೊಂದರಲ್ಲಿ ತೀರಿಕೊಂಡರು. ಗೆಳೆಯರೇ, ಮುಂದಿನ ಸಲ 'ವಿಚ್' ಬರೆದದ್ದಕ್ಕೆ ಯಾರಾದರೂ ಕೆಂಪು ಗೀಟು ಹಾಕಿದರೆ ಹೆದರಬೇಡಿ. ನಿಮ್ಮ ವಾಕ್ಯ ಓದಿದವನು ಯಾವ ಪುಸ್ತಕ ಮಾರುತ್ತಾನೆ ಅನ್ನೋದನ್ನು ಮಾತ್ರ ಒಮ್ಮೆ ಯೋಚಿಸಿ.