ಎರೆಹುಳುವಿಗೆ ಪಿಯಾನೊ ಕೇಳಿಸಿದ ಡಾರ್ವಿನ್

ಹಿತ್ತಲಿನ ಗೊಬ್ಬರದ ತೊಟ್ಟಿಯ ಮುಚ್ಚಳ ತೆಗೆದರೆ ಕಾಣುವುದು ಕೊಳೆತ ತರಕಾರಿ ಸಿಪ್ಪೆ, ಅದರ ನಡುವೆ ಹರಿದಾಡುವ ಹುಳುಗಳು. ನಾವು ಮೂಗು ಮುಚ್ಚಿಕೊಂಡು ದೂರ ಸರಿಯುತ್ತೇವೆ. ಆದರೆ ವಿಕಾಸವಾದದಿಂದ ಜಗತ್ತಿಗೇ ಪರಿಚಿತರಾದ ಚಾರ್ಲ್ಸ್ ಡಾರ್ವಿನ್ ತಮ್ಮ ಕೊನೆಯ ವರ್ಷಗಳನ್ನು ಇಂಥ ಹುಳುಗಳ ಸಂಗದಲ್ಲೇ ಕಳೆದರು.

ಡಾರ್ವಿನ್ ಹುಟ್ಟಿದ್ದು 1809ರ ಫೆಬ್ರುವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. ತಂದೆ ಹೆಸರಾಂತ ವೈದ್ಯರು. ಮಗನೂ ವೈದ್ಯನಾಗಲೆಂದು ಎಡಿನ್‌ಬರೊಗೆ ಕಳುಹಿಸಿದರು. ಅರಿವಳಿಕೆಯೇ ಇಲ್ಲದ ಆ ಕಾಲದ ಶಸ್ತ್ರಚಿಕಿತ್ಸೆಯನ್ನು ನೋಡಲಾಗದೆ ಡಾರ್ವಿನ್ ಓದನ್ನು ಅರ್ಧಕ್ಕೇ ಬಿಟ್ಟರು. ಪಾದ್ರಿಯಾದರೂ ಆಗಲಿ ಎಂದು ಕೇಂಬ್ರಿಜ್‌ಗೆ ಸೇರಿಸಿದರೆ, ಅಲ್ಲಿ ದುಂಬಿಗಳ ಹಿಂದೆ ಬಿದ್ದರು. ಮಗ ಯಾವುದಕ್ಕೂ ಬಾರದವನಾಗುತ್ತಾನೆ ಎಂಬ ಚಿಂತೆ ತಂದೆಯನ್ನು ಕಾಡುತ್ತಿತ್ತು. 1831ರ ಕೊನೆಯಲ್ಲಿ ಬೀಗಲ್ ಹಡಗು ಹತ್ತಿದ ಡಾರ್ವಿನ್, ಹೆಚ್ಚುಕಡಿಮೆ ಐದು ವರ್ಷ ಜಗತ್ತು ಸುತ್ತಿ 1836ರಲ್ಲಿ ಊರಿಗೆ ಮರಳಿದರು.

ಮರುವರ್ಷ ಸೋದರಮಾವ ಜೊಸಾಯ ವೆಜ್‌ವುಡ್ ತಮ್ಮ ಹುಲ್ಲುಗಾವಲೊಂದನ್ನು ತೋರಿಸಿದರು. ಕೆಲವು ವರ್ಷಗಳ ಹಿಂದೆ ಅಲ್ಲಿ ಹರಡಿದ್ದ ಸುಣ್ಣ, ಕೆಂಡದ ಚೂರುಗಳು ಮೇಲೆ ಕಾಣುತ್ತಿರಲಿಲ್ಲ, ಮಣ್ಣಿನ ಕೆಳಗೆ ಒಂದು ಪದರವಾಗಿ ಸೇರಿದ್ದವು. ಇದು ಎರೆಹುಳುಗಳ ಕೆಲಸವಿರಬೇಕು ಎಂದು ಮಾವನ ಊಹೆ. ಅಳಿಯನಿಗೆ ಅಷ್ಟೇ ಸಾಕಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಮುಂದೆ ಈ ಬಗ್ಗೆ ಪ್ರಬಂಧ ಓದಿದರು. ಆಗ ಅವರಿಗೆ 28 ವರ್ಷ.

1842ರಲ್ಲಿ ಡಾರ್ವಿನ್ ಕೆಂಟ್ ಪ್ರಾಂತ್ಯದ ಡೌನ್ ಹಳ್ಳಿಗೆ ಬಂದು ನೆಲೆಸಿದರು. ಮನೆಯ ಹತ್ತಿರದ ಹೊಲದಲ್ಲಿ ಸೀಮೆಸುಣ್ಣದ ಚೂರುಗಳನ್ನು ಹರಡಿಸಿದರು. ಆಮೇಲೆ ಕಾದರು. ನಡುವೆ ಮದುವೆಯ ಸಂಸಾರ, ಮಕ್ಕಳ ಸಾವು, ಬಿಡದ ಅನಾರೋಗ್ಯ, 1859ರಲ್ಲಿ ಹೊರಬಂದ ವಿಕಾಸವಾದದ ಪುಸ್ತಕ, ಅದು ಎಬ್ಬಿಸಿದ ಬಿರುಗಾಳಿ. ಇಷ್ಟು ದುರ್ಬಲವಾದ, ಇಷ್ಟು ಚಿಕ್ಕದಾದ ಹುಳು ಅಷ್ಟು ದೊಡ್ಡ ಕೆಲಸ ಮಾಡುವುದುಂಟೇ ಎಂದು ಆಕ್ಷೇಪಿಸಿದವರೂ ಇದ್ದರು. 1871ರಲ್ಲಿ ಹೊಲದಲ್ಲಿ ಕಾಲುವೆ ತೋಡಿಸಿ ನೋಡಿದಾಗ ಆ ಚೂರುಗಳು ಏಳು ಇಂಚು ಕೆಳಗೆ ಸಿಕ್ಕವು. ಅಂದರೆ 29 ವರ್ಷಗಳಲ್ಲಿ, ವರ್ಷಕ್ಕೆ ಕಾಲು ಇಂಚಿಗೂ ಕಡಿಮೆ!

ಮನೆಯೊಳಗೂ ಪ್ರಯೋಗ ನಡೆಯಿತು. ಮಣ್ಣು ತುಂಬಿದ ಕುಂಡಗಳಲ್ಲಿ ಹುಳುಗಳನ್ನು ಸಾಕಿ, ಎಲೆಕೋಸು, ಈರುಳ್ಳಿ, ಕ್ಯಾರೆಟ್ ಎಲೆ ಹಾಕಿ ಯಾವುದು ಅವಕ್ಕೆ ಇಷ್ಟ ಎಂದು ನೋಡಿದರು. ಸೀಟಿ ಊದಿಸಿದರು, ಪಿಯಾನೊ ನುಡಿಸಿದರು. ಹುಳುಗಳು ಮಿಸುಕಲಿಲ್ಲ. ಕುಂಡವನ್ನೇ ಪಿಯಾನೊ ಮೇಲಿಟ್ಟು ನುಡಿಸಿದಾಗ ಮಾತ್ರ ಸರ್ರನೆ ಬಿಲ ಸೇರಿದವು. ಅವಕ್ಕೆ ಕಿವಿ ಕೇಳಿಸದು, ಕಂಪನ ತಿಳಿಯುತ್ತದೆ ಎಂಬುದು ಹೀಗೆ ಖಚಿತವಾಯಿತು. ಇಂಗ್ಲೆಂಡಿನ ಅನೇಕ ಕಡೆ ಎಕರೆಗೆ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಮಣ್ಣು ಹುಳುಗಳ ಹೊಟ್ಟೆಯ ಮೂಲಕ ಹಾದು ಮೇಲೆ ಬರುತ್ತದೆ ಎಂದು ಅವರು ಲೆಕ್ಕ ಹಾಕಿದರು.

ಮೊದಲ ಪ್ರಬಂಧ ಓದಿ 44 ವರ್ಷಗಳಾದ ಮೇಲೆ, 1881ರ ಅಕ್ಟೋಬರ್‌ನಲ್ಲಿ ಎರೆಹುಳುಗಳ ಕುರಿತ ಪುಸ್ತಕ ಪ್ರಕಟವಾಯಿತು. ಸಾವಿರಾರು ಪ್ರತಿಗಳು ಬೇಗನೆ ಖರ್ಚಾದವು. ಅದೇ ಅವರ ಕೊನೆಯ ಪುಸ್ತಕ. 1882ರ ಏಪ್ರಿಲ್ 19ರಂದು ಡಾರ್ವಿನ್ ತೀರಿಕೊಂಡರು.

ಡಾರ್ವಿನ್‌ಗೆ ತಂದೆಯ ಆಸ್ತಿಯಿತ್ತು, ನೌಕರಿ ಹುಡುಕುವ ಚಿಂತೆ ಇರಲಿಲ್ಲ. ಪರೀಕ್ಷೆ, ಅರ್ಜಿ, ಸಂದರ್ಶನಗಳ ನಡುವೆ ಇರುವ ನಾವು 29 ವರ್ಷ ಕಾಯಲಾರೆವು, ನಿಜ. ಆದರೆ ಸೀಮೆಸುಣ್ಣ ಹರಡಿ, ವರ್ಷ ನೆನಪಿಟ್ಟು, ಕೊನೆಗೊಮ್ಮೆ ಅಗೆದು ಅಳೆದ ಆ ಅಭ್ಯಾಸಕ್ಕೆ ಆಸ್ತಿ ಬೇಕಿಲ್ಲ. ಇವತ್ತು ಓದಿದ ನಾಲ್ಕು ಪುಟ ಏನೂ ಅಲ್ಲ ಅನ್ನಿಸಿದಾಗ ದಿನಾಂಕ ಬರೆದಿಟ್ಟು ಮುಂದೆ ಓದೋಣ. ಆರು ತಿಂಗಳ ಬಳಿಕ ತಿರುಗಿ ನೋಡಿದರೆ ಎಷ್ಟು ಆಳಕ್ಕೆ ಇಳಿದಿದ್ದೇವೆ ಎಂದು ಗೊತ್ತಾಗುತ್ತದೆ.