ಅಂಬಾಲಾಲ್ ಸಾರಾಭಾಯಿ: ಗಿರಣಿ ಒಡೆಯರ ಬಂಗಲೆ ವಸ್ತ್ರ ಸಂಗ್ರಹಾಲಯವಾದ ಬಗೆ

ವಿಕ್ರಂ ಸಾರಾಭಾಯಿ ಬೆಂಗಳೂರಿಗೆ ಪರಿಚಿತ ಹೆಸರು. ಮಲ್ಲೇಶ್ವರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿದವರು ಅವರು. ಆದರೆ ಅವರ ತಂದೆ ಅಂಬಾಲಾಲ್ ಸಾರಾಭಾಯಿಯವರ ವಿಷಯ ನಮ್ಮ ಕಡೆಯ ಜೈನ ಮನೆಗಳಲ್ಲಿ ಅಷ್ಟಾಗಿ ತಿಳಿದಿಲ್ಲ. ಬಸವನಗುಡಿಯ ಗಾಂಧಿ ಬಜಾರು ಯಾರ ಹೆಸರು ಹೊತ್ತಿದೆಯೋ ಆ ಗಾಂಧೀಜಿಯವರಿಗೆ ಕಷ್ಟಕಾಲದಲ್ಲಿ ಕೈಹಿಡಿದ ಶ್ರಾವಕರು ಇವರು. ಮುಂದೆ ಅದೇ ಗಾಂಧೀಜಿಯವರ ಎದುರು ನಿಂತವರೂ ಹೌದು.

ಅಂಬಾಲಾಲರು 1890ರಲ್ಲಿ ಅಹಮದಾಬಾದಿನ ಶ್ವೇತಾಂಬರ ಜೈನ ಮನೆತನದಲ್ಲಿ ಜನಿಸಿದರು. ಚಿಕ್ಕಂದಿನಲ್ಲೇ ತಂದೆತಾಯಿ ತೀರಿಕೊಂಡರು. ಸಾಕಿದ ಚಿಕ್ಕಪ್ಪನೂ ಹೋದ ಮೇಲೆ ಹರೆಯದಲ್ಲೇ ಕ್ಯಾಲಿಕೋ ಬಟ್ಟೆ ಗಿರಣಿಯ ಹೊಣೆ ಹೆಗಲಿಗೇರಿತು. ಪತ್ನಿ ಸರಳಾದೇವಿ. ಎಂಟು ಮಕ್ಕಳಿಗೆ ಮನೆಯಲ್ಲೇ ಶಾಲೆ ನಡೆಸಿದರು. ಶಾಹಿಬಾಗಿನಲ್ಲಿದ್ದ ಆ ಮನೆಯ ಹೆಸರು ರಿಟ್ರೀಟ್. ವಿಶಾಲ ತೋಟದ ನಡುವಿನ ಆ ಬಂಗಲೆಯಲ್ಲಿ ರವೀಂದ್ರನಾಥ ಠಾಕೂರರೂ ಅತಿಥಿಯಾಗಿದ್ದರು.

1915ರಲ್ಲಿ ಗಾಂಧೀಜಿಯವರು ಅಸ್ಪೃಶ್ಯರೆನಿಸಿದ್ದ ದೂದಾಭಾಯಿಯವರ ಕುಟುಂಬವನ್ನು ಕೊಚರಬ್ ಆಶ್ರಮಕ್ಕೆ ಸೇರಿಸಿಕೊಂಡಾಗ ದಾನಿಗಳೆಲ್ಲ ಹಿಂದೆ ಸರಿದರು. ಆಗ ಸೇಠರೊಬ್ಬರು ಕಾರಿನಲ್ಲಿ ಬಂದು 13,000 ರೂಪಾಯಿ ಕೊಟ್ಟು ಹೋದರು. ಗಾಂಧೀಜಿ ಆತ್ಮಕಥೆಯಲ್ಲಿ ಅವರ ಹೆಸರು ಬರೆಯಲಿಲ್ಲ. ಆ ಸೇಠರು ಅಂಬಾಲಾಲರೇ ಎಂದು ಚರಿತ್ರಕಾರರು ಗುರುತಿಸುತ್ತಾರೆ.

ಅಕ್ಕ ಅನಸೂಯಾಬೆನ್ ಬಾಲ್ಯವಿವಾಹದಿಂದ ಹೊರಬಂದವರು. 1912ರಲ್ಲಿ ತಮ್ಮನ ನೆರವಿನಿಂದ ಇಂಗ್ಲೆಂಡಿಗೆ ವೈದ್ಯ ವಿದ್ಯೆ ಕಲಿಯಲು ಹೋದರು. ಅಲ್ಲಿ ಪ್ರಾಣಿಗಳನ್ನು ಕೊಯ್ಯಬೇಕೆಂದು ತಿಳಿದಾಗ ಜೈನಧರ್ಮಕ್ಕೆ ಅದು ಸಲ್ಲದೆಂದು ಆ ಓದನ್ನೇ ಬಿಟ್ಟು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಮರಳಿ ಬಂದು ಮಿಲ್ ಕಾರ್ಮಿಕರ ನಡುವೆ ದುಡಿದರು. 1918ರಲ್ಲಿ ಪ್ಲೇಗ್ ಬೋನಸ್ ನಿಂತ ಮೇಲೆ ನೇಕಾರರು ಕೂಲಿಯಲ್ಲಿ 35 ಶೇಕಡಾ ಹೆಚ್ಚಳ ಕೇಳಿದರು, ಮಾಲೀಕರು 20ಕ್ಕಿಂತ ಮೇಲೆ ಹೋಗಲಿಲ್ಲ. ಮಾಲೀಕರ ಮುಂದಾಳು ತಮ್ಮ, ಕಾರ್ಮಿಕರ ಪಕ್ಕ ಗಾಂಧೀಜಿಯವರ ಜೊತೆ ಅಕ್ಕ. ಮಿಲ್ಲುಗಳಿಗೆ ಬೀಗಮುದ್ರೆ ಬಿತ್ತು. ಸಬರಮತಿ ದಡದ ಜಾಲಿಮರದ ಕೆಳಗೆ ದಿನವೂ ಸಭೆ. ಕೊನೆಗೆ ಗಾಂಧೀಜಿ ಮೂರು ದಿನ ಉಪವಾಸ ಕೂತರು, ವಿವಾದ ಪಂಚಾಯ್ತಿಗೆ ಹೋಯಿತು, 35 ಶೇಕಡಾ ಒಪ್ಪಿತವಾಯಿತು. ಅಕ್ಕ-ತಮ್ಮನ ಬಾಂಧವ್ಯ ಮಾತ್ರ ಮುರಿಯಲಿಲ್ಲ.

ಇನ್ನೊಂದು ಪ್ರಸಂಗವನ್ನು ಜೈನರು ಬರೆಯುವ ಚರಿತ್ರೆಯಲ್ಲಿ ಮರೆಮಾಚಬಾರದು. 1926ರಲ್ಲಿ ತಮ್ಮ ಮಿಲ್ಲಿನ ಆವರಣದಲ್ಲಿ ಸೇರುತ್ತಿದ್ದ ಸುಮಾರು 60 ಬೀದಿನಾಯಿಗಳನ್ನು ಹುಚ್ಚುನಾಯಿ ರೋಗದ ಭಯದಿಂದ ಅಂಬಾಲಾಲರು ಕೊಲ್ಲಿಸಿದರು. ಮನಸ್ಸು ಕಲಕಿ ಗಾಂಧೀಜಿಯವರ ಬಳಿ ಹೋದರು. ಬೇರೆ ದಾರಿ ಇರಲಿಲ್ಲವೆಂದು ಅವರು ಸಮರ್ಥಿಸಿ ‘ಯಂಗ್ ಇಂಡಿಯಾ’ದಲ್ಲಿ ಬರೆದಾಗ ಜೀವದಯೆಯವರಿಂದ ಪ್ರತಿಭಟನೆಯ ಪತ್ರಗಳು ಬಂದವು. ಅಹಿಂಸಾಣುವ್ರತ ಹಿಡಿದ ಗೃಹಸ್ಥ ಜನರ ಪ್ರಾಣಕ್ಕೆ ಅಪಾಯ ಬಂದಾಗ ಏನು ಮಾಡಬೇಕು? ಆ ಚರ್ಚೆ ಇಂದಿಗೂ ಬಗೆಹರಿದಿಲ್ಲ.

ಮಕ್ಕಳಲ್ಲಿ ಮೃದುಲಾ ಸ್ವಾತಂತ್ರ್ಯ ಹೋರಾಟಗಾರ್ತಿ. ದೇಶವಿಭಜನೆಯಲ್ಲಿ ಅಪಹೃತರಾದ ಹೆಣ್ಣುಮಕ್ಕಳನ್ನು ಹುಡುಕಿ ತಂದವರಲ್ಲಿ ಒಬ್ಬರು. ಗೌತಮ್ ಮತ್ತು ಗೀರಾ ಸೇರಿ 1949ರಲ್ಲಿ ಕ್ಯಾಲಿಕೋ ವಸ್ತ್ರ ಸಂಗ್ರಹಾಲಯ ಕಟ್ಟಿದರು. ಅದರ ಬೀಜ ಕಲಾವಿದ್ವಾಂಸ ಆನಂದ ಕುಮಾರಸ್ವಾಮಿಯವರ ಸಲಹೆಯಲ್ಲಿತ್ತು. ಉದ್ಘಾಟನೆ ಮಾಡಿದವರು ನೆಹರು. ಮೊದಲು ಅದು ಮಿಲ್ಲಿನ ಆವರಣದಲ್ಲೇ ಇತ್ತು. 1967ರಲ್ಲಿ ಅಂಬಾಲಾಲರು ತೀರಿಕೊಂಡು ಹದಿನಾರು ವರ್ಷದ ಮೇಲೆ, 1983ರಲ್ಲಿ, ಸಂಗ್ರಹ ರಿಟ್ರೀಟ್ ಬಂಗಲೆಗೆ ಬಂತು. ಕುಟುಂಬದ ತೋಟದಲ್ಲಿ ಈಗ ಸಂದರ್ಶಕರು ನಡೆದಾಡುತ್ತಾರೆ. ಪಟೋಲಾ, ಕಸೂತಿ, ಮೊಗಲರ ಕಾಲದ ಡೇರೆ ಬಟ್ಟೆ, ಗುಜರಾತಿನ ಹಳೆಯ ಹವೇಲಿಗಳ ಕೆತ್ತನೆಯ ಮರ ಅಲ್ಲಿವೆ. ಜೈನ ಕಲೆಗೂ ದಕ್ಷಿಣದ ಕಂಚಿನ ವಿಗ್ರಹಗಳಿಗೂ ಬೇರೆ ಕೋಣೆಗಳಿವೆ. ಈ ಸಂಪತ್ತಿಗೆಲ್ಲ ಮೂಲವಾದ ಕ್ಯಾಲಿಕೋ ಗಿರಣಿ ಮಾತ್ರ ಮುಚ್ಚಿಹೋಯಿತು.

ಪಾಲಿತಾಣಾ, ಗಿರನಾರ್ ಯಾತ್ರೆಗೆ ಹೊರಟವರು ಅಹಮದಾಬಾದಿನಲ್ಲಿ ಒಂದು ದಿನ ಇದಕ್ಕೆಂದು ಇಟ್ಟುಕೊಳ್ಳಬಹುದು. ಒಮ್ಮೆಗೆ ಕೆಲವರನ್ನಷ್ಟೇ ಒಳಗೆ ಬಿಡುವುದರಿಂದ ಮೊದಲೇ ಹೆಸರು ನೋಂದಾಯಿಸಿಕೊಳ್ಳಬೇಕು.