ಪದಗಳನ್ನು ಓರಣವಾಗಿಟ್ಟ ವೈದ್ಯ: 73ನೇ ವಯಸ್ಸಿನಲ್ಲಿ ‘ಥಿಸಾರಸ್’ ಕೊಟ್ಟ ಪೀಟರ್ ರೋಜೆ

ಇಂಗ್ಲಿಷ್‌ನಲ್ಲಿ ವರದಿಯನ್ನೋ ಇಮೇಲನ್ನೋ ಬರೆಯುವಾಗ ‘ಅರೇಂಜ್’ ಎಂಬ ಪದ ಎರಡು ಸಲ ಬಂದುಬಿಟ್ಟರೆ ಮೂರನೇ ಸಲಕ್ಕೆ ಬೇರೆ ಪದ ಹುಡುಕುತ್ತೇವೆ. ಸಾರ್ಟ್, ಗ್ರೂಪ್, ಕ್ಲಾಸಿಫೈ, ಆರ್ಗನೈಸ್ ಎಂದು ಮೊಬೈಲ್ ಕ್ಷಣದಲ್ಲಿ ಪಟ್ಟಿ ಕೊಡುತ್ತದೆ. ಇಂಥ ಸಮಾನಾರ್ಥಕ ಪದಗಳ ಪಟ್ಟಿ ಎಂದೊಡನೆ ಇಂಗ್ಲಿಷ್ ಬಲ್ಲವರಿಗೆ ನೆನಪಾಗುವ ಹೆಸರು ಪೀಟರ್ ಮಾರ್ಕ್ ರೋಜೆ. ವಿಶೇಷವೆಂದರೆ, ರೋಜೆ ವೃತ್ತಿಯಿಂದ ಭಾಷಾ ವಿದ್ವಾಂಸರಾಗಿರಲಿಲ್ಲ, ವೈದ್ಯರಾಗಿದ್ದರು.

ಪಟ್ಟಿಯೇ ಆಸರೆ

ರೋಜೆ ಹುಟ್ಟಿದ್ದು 1779ರ ಜನವರಿ 18ರಂದು, ಲಂಡನ್‌ನಲ್ಲಿ. ತಂದೆ ಜಿನೀವಾ ಮೂಲದ ಪಾದ್ರಿ. ಮಗನಿಗೆ ನಾಲ್ಕು ವರ್ಷವಾಗಿದ್ದಾಗಲೇ ಕ್ಷಯದಿಂದ ತೀರಿಕೊಂಡರು. ಗಂಡನನ್ನು ಕಳೆದುಕೊಂಡ ತಾಯಿ ಮಕ್ಕಳೊಂದಿಗೆ ಊರಿಂದೂರಿಗೆ ಮನೆ ಬದಲಿಸುತ್ತಲೇ ಇದ್ದರು. ಒಂದೆಡೆ ಬೇರೂರಲಾಗದ ಹುಡುಗ ಪುಸ್ತಕದಲ್ಲಿ ಪದಗಳನ್ನು ವಿಷಯವಾರು ಬರೆದಿಡುವ ಅಭ್ಯಾಸ ಬೆಳೆಸಿಕೊಂಡ. ಹೊರಗಿನ ಯಾವುದೂ ಇದ್ದಲ್ಲಿ ಇರುತ್ತಿರಲಿಲ್ಲ. ಪಟ್ಟಿಯೊಳಗಿನ ಪದ ಮಾತ್ರ ಇಟ್ಟ ಜಾಗದಲ್ಲೇ ಇರುತ್ತಿತ್ತು.

14ನೇ ವಯಸ್ಸಿಗೆ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದ ರೋಜೆ, 19ಕ್ಕೆ ವೈದ್ಯರಾಗಿ ಹೊರಬಂದರು. ಮ್ಯಾಂಚೆಸ್ಟರ್‌ನ ಹತ್ತಿ ಗಿರಣಿ ಮಾಲೀಕರೊಬ್ಬರ ಇಬ್ಬರು ಗಂಡುಮಕ್ಕಳಿಗೆ ಮೇಷ್ಟ್ರಾಗಿ ಯುರೋಪ್ ಪ್ರವಾಸ ಹೋದಾಗ, 1803ರಲ್ಲಿ ಬ್ರಿಟನ್–ಫ್ರಾನ್ಸ್ ಯುದ್ಧ ಮತ್ತೆ ಶುರುವಾಯಿತು. ನೆಪೋಲಿಯನ್ ಆದೇಶದಂತೆ ಬ್ರಿಟಿಷ್ ಪ್ರಜೆಗಳನ್ನು ಬಂಧಿಸಲಾಗುತ್ತಿತ್ತು. ಜಿನೀವಾದಲ್ಲಿ ಸಿಕ್ಕಿಹಾಕಿಕೊಂಡ ರೋಜೆ, ತಂದೆ ಅದೇ ಊರಿನ ಪ್ರಜೆ ಎಂದು ದಾಖಲೆ ತೋರಿಸಿ ಹುಡುಗರೊಂದಿಗೆ ಪಾರಾದರು.

ಮ್ಯಾಂಚೆಸ್ಟರ್‌ನಲ್ಲಿ ವೈದ್ಯ ವೃತ್ತಿ ನಡೆಸುತ್ತಿದ್ದ 1805ರಲ್ಲಿ ಸುಮಾರು 15,000 ಪದಗಳ ಹಸ್ತಪ್ರತಿ ಸಿದ್ಧವಾಯಿತು. ಅದು ಸ್ವಂತ ಬಳಕೆಗೆ ಮಾತ್ರ. ಸುಮಾರು 47 ವರ್ಷ ಅದು ಅವರ ಬಳಿಯೇ ಉಳಿಯಿತು.

ಕಣ್ಣೆದುರೇ ಸಾವು

ನಡುವೆ ವಿಜ್ಞಾನದಲ್ಲಿ ಹೆಸರು ಮಾಡಿದರು. ಘಾತ ಮತ್ತು ಮೂಲಗಳನ್ನು ಲೆಕ್ಕ ಹಾಕಬಲ್ಲ ಹೊಸ ಬಗೆಯ ಸ್ಲೈಡ್ ರೂಲ್ ರೂಪಿಸಿ, 1815ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಮುಂದೆ ಎರಡು ದಶಕ ಅದರ ಕಾರ್ಯದರ್ಶಿಯಾಗಿದ್ದರು.

ಆದರೆ ಮನೆಯಲ್ಲಿ ನೆಮ್ಮದಿ ಇರಲಿಲ್ಲ. ತಂದೆಯ ಸ್ಥಾನದಲ್ಲಿ ನಿಂತು ನೋಡಿಕೊಂಡಿದ್ದ ಸೋದರಮಾವ ಸ್ಯಾಮ್ಯುಯೆಲ್ ರೊಮಿಲಿ, ಸಣ್ಣ ಅಪರಾಧಗಳಿಗೂ ಗಲ್ಲು ವಿಧಿಸುತ್ತಿದ್ದ ಕಾನೂನಿನ ವಿರುದ್ಧ ಹೋರಾಡಿದ ಹೆಸರಾಂತ ಸಂಸದ. 1818ರಲ್ಲಿ ಪತ್ನಿ ತೀರಿಕೊಂಡ ನಾಲ್ಕೇ ದಿನಕ್ಕೆ ಅವರು ಆತ್ಮಹತ್ಯೆ ಮಾಡಿಕೊಂಡರು. ಆಗ ಅವರನ್ನು ನೋಡಿಕೊಳ್ಳುತ್ತಿದ್ದ ವೈದ್ಯ ಸ್ವತಃ ರೋಜೆ. ತಾಯಿಯ ಮನಸ್ಸಿನ ಸ್ವಾಸ್ಥ್ಯವೂ ಕ್ರಮೇಣ ಕೆಟ್ಟಿತು. 1824ರಲ್ಲಿ ಮದುವೆಯಾದ ಪತ್ನಿ ಮೇರಿ, ಇಬ್ಬರು ಮಕ್ಕಳನ್ನು ಬಿಟ್ಟು 1833ರಲ್ಲಿ ಕ್ಯಾನ್ಸರ್‌ಗೆ ಬಲಿಯಾದರು.

1,000 ಶೀರ್ಷಿಕೆಗಳ ಮನೆ

ಕಾರ್ಯದರ್ಶಿ ಹುದ್ದೆ ಬಿಟ್ಟ ಬಳಿಕ ರೋಜೆ ಹಳೆಯ ಹಸ್ತಪ್ರತಿಯನ್ನು ಮತ್ತೆ ಕೈಗೆತ್ತಿಕೊಂಡರು. 1852ರಲ್ಲಿ ‘ಥಿಸಾರಸ್’ ಪ್ರಕಟವಾದಾಗ ಅವರಿಗೆ 73 ವರ್ಷ. ಗ್ರೀಕ್ ಮೂಲದ ಈ ಪದಕ್ಕೆ ಭಂಡಾರ ಎಂದರ್ಥ.

ನಿಘಂಟಿನಲ್ಲಿ ಪದ ಗೊತ್ತು, ಅರ್ಥ ಬೇಕು. ಇಲ್ಲಿ ಅರ್ಥ ಗೊತ್ತು, ಪದ ಬೇಕು. ಅದಕ್ಕಾಗಿ ಅವರು ಭಾಷೆಯನ್ನೆಲ್ಲ ಆರು ವರ್ಗ ಮಾಡಿದರು: ಅಮೂರ್ತ ಸಂಬಂಧ, ಅವಕಾಶ, ದ್ರವ್ಯ, ಬುದ್ಧಿ, ಇಚ್ಛೆ ಮತ್ತು ಭಾವ. ಸಸ್ಯ, ಪ್ರಾಣಿಗಳನ್ನು ವಿಜ್ಞಾನಿಗಳು ವಿಂಗಡಿಸುವಂತೆ ಅವುಗಳಡಿ 1,000 ಶೀರ್ಷಿಕೆಗಳನ್ನು ಜೋಡಿಸಿದರು. ಸಾಧ್ಯವಾದಲ್ಲೆಲ್ಲ ವಿರುದ್ಧಾರ್ಥಗಳನ್ನು ಅಕ್ಕಪಕ್ಕದ ಕಾಲಂಗಳಲ್ಲಿ ಇಟ್ಟರು.

ಈ ದಾರಿಯಲ್ಲಿ ತಮಗಿಂತ ಮೊದಲು ನಡೆದವರು ಭಾರತದಲ್ಲಿದ್ದರು ಎಂಬುದನ್ನು ರೋಜೆ ಪೀಠಿಕೆಯಲ್ಲಿ ದಾಖಲಿಸಿದ್ದಾರೆ. ಅವರು ಹೆಸರಿಸಿದ್ದು ಅಮರಸಿಂಹನ ‘ಅಮರಕೋಶ’ವನ್ನು. ಕೋಲ್‌ಬ್ರೂಕ್ ಅವರ ಇಂಗ್ಲಿಷ್ ಅನುವಾದದೊಂದಿಗೆ ಅದು 1808ರಲ್ಲಿ ಸೆರಾಂಪುರದಲ್ಲಿ ಅಚ್ಚಾಗಿತ್ತು. ಅಮೂರ್ತ ವಿಚಾರಗಳ ವಿಂಗಡಣೆಯಲ್ಲಿ ಅದು ಗೊಂದಲಮಯ ಎಂಬ ಆಕ್ಷೇಪವೂ ಅವರದ್ದಿತ್ತು. ಅಮರಕೋಶಕ್ಕೆ ನಾಚಿರಾಜನ ಕನ್ನಡ ಟೀಕೆಯಿದೆ. ಕನ್ನಡ ನಾಡಿನಲ್ಲಿ ತಲೆಮಾರುಗಳು ಅದನ್ನು ಬಾಯಿಪಾಠ ಮಾಡಿವೆ. ಬಾಯಿಪಾಠಕ್ಕೆ ಹೊಂದುವ ಶ್ಲೋಕಗಳ ಕ್ರಮ ಬೇರೆ, ಬರೆಯುವವನು ಪುಟ ತಿರುವುತ್ತ ಹುಡುಕಲು ಬೇಕಾದ ಕ್ರಮ ಬೇರೆ.

60 ಮತ್ತು 61

ರೋಜೆ 1869ರ ಸೆಪ್ಟೆಂಬರ್ 12ರಂದು, 90ನೇ ವಯಸ್ಸಿನಲ್ಲಿ ವೆಸ್ಟ್ ಮಾಲ್ವರ್ನ್‌ನಲ್ಲಿ ನಿಧನರಾದರು. ಕೊನೆಯವರೆಗೂ ಪದಗಳನ್ನು ಸೇರಿಸುತ್ತಲೇ ಇದ್ದರು. ಕೆಲಸ ಮುಂದುವರಿಸಿದ ಮಗ ಜಾನ್ ಲೂಯಿಸ್ ರೋಜೆ 1879ರಲ್ಲಿ ಪರಿಷ್ಕೃತ ಆವೃತ್ತಿ ತಂದರು. ಪುಸ್ತಕದ ಹಿಂಬದಿಯ ಅಕಾರಾದಿ ಸೂಚಿಯನ್ನೇ ಓದುಗರು ಹೆಚ್ಚು ನೆಚ್ಚಿಕೊಂಡರು. ಇಂದಿನ ಮೊಬೈಲ್ ಪಟ್ಟಿಗಳಲ್ಲಂತೂ ಆರು ವರ್ಗಗಳ ಸುಳಿವೇ ಇಲ್ಲ.

ಆದರೂ ಅವರ ವರ್ಗೀಕರಣದ ಒಂದು ಜೋಡಿ ಗಮನ ಸೆಳೆಯುತ್ತದೆ. 60ನೇ ಶೀರ್ಷಿಕೆ ‘ಅರೇಂಜ್‌ಮೆಂಟ್’, ಅಂದರೆ ಜೋಡಣೆ, ವಿಂಗಡಣೆ. ಅದರ ಎದುರಿಗೇ 61, ‘ಡಿರೇಂಜ್‌ಮೆಂಟ್’. ಇಂಗ್ಲಿಷ್‌ನಲ್ಲಿ ಈ ಪದಕ್ಕೆ ವಸ್ತುಗಳು ಅಸ್ತವ್ಯಸ್ತವಾಗುವುದು ಎಂಬ ಅರ್ಥವಿದೆ, ಮನಸ್ಸು ಹಿಡಿತ ತಪ್ಪುವುದು ಎಂಬ ಅರ್ಥವೂ ಇದೆ. ಸೋದರಮಾವನ ಮತ್ತು ತಾಯಿಯ ವಿಷಯದಲ್ಲಿ ರೋಜೆ ಕಣ್ಣಾರೆ ಕಂಡದ್ದು ಆ ಎರಡನೇ ಅರ್ಥವನ್ನು. ಅದನ್ನು ತಡೆಯುವುದು ವೈದ್ಯ ರೋಜೆಗೆ ಸಾಧ್ಯವಾಗಲಿಲ್ಲ. ಪುಸ್ತಕದಲ್ಲಿ ಮಾತ್ರ ಅದಕ್ಕೊಂದು ಸಂಖ್ಯೆ ಕೊಟ್ಟು, 60ರ ಪಕ್ಕದಲ್ಲಿ ಜಾಗ ತೋರಿಸಿದರು.